ಡಬಲ್ ಕೂಪನ್ ಶನಿವಾರ

ಟೈರ್ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ರೋವೀನಾ ಕೊಜಾಕ್‌ಳ ಮನೆಗೆ ಎರಡು ಚಿಂತೆ ಗಂಟುಬಿದ್ದವು: ಗಂಡ ಲೀಲ್ಯಾಂಡ್‌ನ ಇನ್ಸುಲಿನ್, ಇಬ್ಬರ ಊಟ. ಕೆಲಸದ ಹಿಂದೆಯೇ ಅವನ ಆರೋಗ್ಯ ವಿಮೆಯೂ ಹೋಗಿತ್ತು. ಶಾಲೆಯ ಅಡುಗೆಮನೆಯಲ್ಲಿ ಅವಳು ಅರ್ಧ ದಿನ ದುಡಿದು ತರುವ ಸಂಬಳದಲ್ಲಿ ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತಿತ್ತು. ಪ್ರತಿ ಗುರುವಾರ ಚರ್ಚಿನಲ್ಲಿ ಬಡವರಿಗೆ ದಿನಸಿ ಹಂಚುತ್ತಿದ್ದರು. ಆ ಸಾಲಿನಲ್ಲಿ ನಿಲ್ಲುವುದಕ್ಕಿಂತ ಉಪವಾಸವೇ ವಾಸಿ ಎಂದು ಲೀಲ್ಯಾಂಡ್ ಕಡ್ಡಿ ಮುರಿದಂತೆ ಹೇಳಿದ್ದ. ಒಂದು ಕಾಲದಲ್ಲಿ ಅಲ್ಲಿ ಹಂಚುವವರ ಪೈಕಿ ಅವನೂ ಇದ್ದವನು.

ದಾರಿ ತೋರಿಸಿದವಳು ಅವನ ತಂಗಿ ಟ್ರೂಡಿ.

"ಪೂರ್ತಿ ದುಡ್ಡು ಕೊಟ್ಟು ಸಾಮಾನು ತರೋರು ದಡ್ಡರು ಕಣೆ. ಭಾನುವಾರದ ಪೇಪರ್ ಜೊತೆ ಇಷ್ಟು ದುಡ್ಡು ಕಡಿತ ಅಂತ ಕೂಪನ್ ಬರುತ್ತಲ್ಲ, ಅದನ್ನ ಎತ್ತಿಟ್ಕೋ. ಅದೇ ಸಾಮಾನಿಗೆ ಅಂಗಡೀಲಿ ರೇಟು ಇಳಿದ ವಾರ ತಗೊಂಡು ಹೋಗು. ಪುಕ್ಕಟೆ ಕೊಟ್ಟು ಕಳಿಸ್ತಾರೆ."

ಇಬ್ಬರೂ ರದ್ದಿ ತೊಟ್ಟಿಗಳಲ್ಲಿ ಸೊಂಟದವರೆಗೆ ಇಳಿದು ಕೂಪನ್ ಪುರವಣಿಗಳನ್ನು ಹೆಕ್ಕತೊಡಗಿದರು. ಮೊದಲ ಸಲ ಗಾಡಿ ತುಂಬ ಸಾಮಾನು ತಂದು ಚಿಲ್ಲರೆ ಕಾಸು ಕೊಟ್ಟು ಬಂದಾಗ ರೋವೀನಾ ಕಾರಿನಲ್ಲಿ ಕೂತು ಅತ್ತುಬಿಟ್ಟಳು. ಎಷ್ಟೋ ತಿಂಗಳ ಮೇಲೆ ತಾನೂ ಏನೋ ಗೆದ್ದೆ ಅನ್ನಿಸಿತ್ತು.

ಚಳಿಗಾಲ ಕಳೆಯುವಷ್ಟರಲ್ಲಿ ನೆಲಮಾಳಿಗೆ ತುಂಬಿತು. ಟೂತ್‌ಪೇಸ್ಟ್, ಸಾಸಿವೆ ಸಾಸ್, ಸಕ್ಕರೆ ಲೇಪಿಸಿದ ಸೀರಿಯಲ್ ಡಬ್ಬಗಳು, ಡಬ್ಬದ ನೂಡಲ್ಸ್. ಎಲೆಕೋಸಿಗೆ ಯಾರೂ ಕೂಪನ್ ಅಚ್ಚು ಹಾಕುವುದಿಲ್ಲ. ಮೊಟ್ಟೆಗೂ ಇಲ್ಲ, ಕೋಳಿಗೂ ಇಲ್ಲ. ಉಳಿಸಿದ್ದೆಲ್ಲ ಊರೂರು ಸುತ್ತುವ ಪೆಟ್ರೋಲಿಗೆ ಹೋಗುತ್ತಿತ್ತು. ಮನೆಯಲ್ಲಿ ಇದ್ದದ್ದನ್ನೇ ತಿನ್ನಬೇಕಲ್ಲ, ಲೀಲ್ಯಾಂಡ್ ಬೆಳಗ್ಗೆ ಸೀರಿಯಲ್, ರಾತ್ರಿ ನೂಡಲ್ಸ್ ತಿನ್ನುತ್ತಿದ್ದ.

ಮಾರ್ಚ್ ಕೊನೆಯ ಶನಿವಾರ ಪಕ್ಕದೂರಿನ ಅಂಗಡಿಯೊಂದು ಕೂಪನ್ನಿಗೆ ಎರಡರಷ್ಟು ಬೆಲೆ ಕಟ್ಟುತ್ತೇವೆಂದು ಸಾರಿತು. ಬ್ಯೂಟಿ ಪಾರ್ಲರಿನ ನಡೀನ್ ಶಾಂಪೂ ಎಷ್ಟಿದ್ದರೂ ಕೊಳ್ಳುತ್ತೇನೆ ಎಂದಿದ್ದಳು. ಆ ದುಡ್ಡಿನಲ್ಲಿ ಇನ್ಸುಲಿನ್ ತರುವುದೆಂದು ರೋವೀನಾ ಲೆಕ್ಕ ಹಾಕಿದ್ದಳು.

"ಇವತ್ತೊಂದಿನ ಹೋಗ್ಬೇಡ ಕಣೆ," ಎಂದ ಲೀಲ್ಯಾಂಡ್ ಸೋಫಾದಿಂದ. "ಯಾಕೋ ಬಾಯಾರಿ ಬಾಯಾರಿ ಬರ್ತಿದೆ. ತಲೆ ಬೇರೆ ಸುತ್ತುತ್ತೆ."

"ನಿನಗೋಸ್ಕರಾನೇ ಹೋಗ್ತಿರೋದು. ನೀರು ಕುಡಿದು ಮಲಗು. ಮಧ್ಯಾಹ್ನಕ್ಕೆ ಬಂದ್ಬಿಡ್ತೀನಿ."

ಅಂಗಡಿಯಲ್ಲಿ ಬಿಲ್ಲು ಹಾಕುವವಳು ಕೂಪನ್ ಕಟ್ಟು ನೋಡಿ ಮ್ಯಾನೇಜರನ್ನು ಕರೆದಳು. "ಒಂದೇ ಥರದ್ದು ನಾಲ್ಕು ಮಾತ್ರ ಮೇಡಂ. ಇವತ್ತಿಂದ ಹೊಸ ರೂಲು," ಎಂದ ಅವನು.

"ಪೇಪರ್‌ನಲ್ಲಿ ಹಾಗೆ ಹಾಕಿಲ್ವಲ್ಲ ಸರ್. ದಯವಿಟ್ಟು. ಇದೊಂದ್ಸಲ."

ಹಿಂದೆ ನಿಂತ ಗಂಡಸು ಗದರಿದ: "ಏನಮ್ಮಾ, ಊರೋರಿಗೆಲ್ಲ ತಲೆಸ್ನಾನ ಮಾಡಿಸ್ತೀಯಾ? ಬೇಗ ಸರಿ ಆಕಡೆ!"

ಸಾಲಿನಲ್ಲಿದ್ದವರು ನಕ್ಕರು. ರೋವೀನಾ ಕೆಂಪಾದ ಮುಖದಲ್ಲೇ ಬಾಟಲಿಗಳನ್ನು ಶೆಲ್ಫಿಗೆ ವಾಪಸಿಟ್ಟಳು. ಹೊರಗೆ ಬಂದು ಮನೆಗೆ ಫೋನ್ ಮಾಡಿದಳು. ಲೀಲ್ಯಾಂಡ್ ಎತ್ತಲಿಲ್ಲ.

"ನಿದ್ದೆ ಮಾಡ್ತಿರ್ತಾನೆ ಬಿಡೆ," ಎಂದಳು ಜೊತೆಗೆ ಬಂದಿದ್ದ ಟ್ರೂಡಿ. "ಆಚೆ ಊರಲ್ಲಿ ಇವರದೇ ಇನ್ನೊಂದು ಅಂಗಡಿ ಇದೆ. ಅಲ್ಲಿ ಕೇಳೋರಿಲ್ಲ."

ಒಂದು ಗಳಿಗೆ ರೋವೀನಾ ಕಾರಿನ ಕೀಲಿ ಹಿಡಿದು ನಿಂತಳು. ಬರಿಗೈಯಲ್ಲಿ ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಆಚೆ ಊರಿಗೇ ಕಾರು ತಿರುಗಿಸಿದಳು.

ಅಲ್ಲಿ ನಿಜವಾಗಿಯೂ ಕೇಳುವವರಿರಲಿಲ್ಲ. ಡಿಕ್ಕಿ ತುಂಬ ಶಾಂಪೂ ಹೇರಿಕೊಂಡು ಬಂದಳು. ಟ್ರೂಡಿಯನ್ನು ಇಳಿಸಿ ಮನೆ ಸೇರುವಾಗ ಹೊತ್ತು ಇಳಿದಿತ್ತು. "ಲೀಲ್ಯಾಂಡ್, ಸಿಕ್ತು ಕಣೋ!" ಎಂದು ಕೂಗುತ್ತಲೇ ಒಳಗೆ ಬಂದಳು. ಅವನು ಅಡುಗೆಮನೆಯ ನೆಲದ ಮೇಲೆ, ತನ್ನ ವಾಂತಿಯಲ್ಲೇ ಬಿದ್ದಿದ್ದ. ಕಣ್ಣು ತೆರೆದಿತ್ತು, ಅವಳ ಗುರುತು ಹತ್ತಲಿಲ್ಲ.

ಆಂಬುಲೆನ್ಸಿನವರು ಬೆರಳು ಚುಚ್ಚಿ ನೋಡಿದರೆ ಯಂತ್ರ ಅಂಕಿಯನ್ನೇ ತೋರಿಸಲಿಲ್ಲ. ಅಳೆಯಲಾರದಷ್ಟು ಸಕ್ಕರೆ ಏರಿತ್ತು. ಆಸ್ಪತ್ರೆಯಲ್ಲಿ ನರ್ಸ್ ಕೇಳಿದಳು: "ಏನೇನು ತಿಂತಾರೆ ಇವರು?" ರೋವೀನಾ ಸೀರಿಯಲ್, ನೂಡಲ್ಸ್ ಎಂದು ಹೇಳತೊಡಗಿ, ಎರಡನೆಯದಕ್ಕೇ ಮಾತು ನಿಲ್ಲಿಸಿದಳು. ನರ್ಸ್ ಎರಡನ್ನೂ ಬರೆದುಕೊಂಡಳು.

ಲೀಲ್ಯಾಂಡ್ ಬದುಕಿಕೊಂಡ. ಮಾತು ಬಂದ ದಿನ, ಇನ್ಸುಲಿನ್ನನ್ನು ಅರ್ಧರ್ಧವೇ ಚುಚ್ಚಿಕೊಳ್ಳುತ್ತಿದ್ದೆ ಎಂದು ತಾನಾಗಿಯೇ ಹೇಳಿದ.

"ಯಾಕೋ ಹಾಗ್ ಮಾಡ್ದೆ?"

"ನೀನು ತೊಟ್ಟಿಗೆ ಇಳಿದು ಉಳಿಸ್ತಿದ್ದೆ. ನಂದೂ ಸ್ವಲ್ಪ ಉಳೀಲಿ ಅಂತ."

ಅವಳು ಮಂಚದ ಕಂಬಿಗೆ ಹಣೆ ಒತ್ತಿಕೊಂಡಳು.

ಮುಂದಿನ ಭಾನುವಾರ ಟ್ರೂಡಿ ಪುರವಣಿಗಳ ಕಟ್ಟು ಹಿಡಿದು ಮನೆಗೆ ಬಂದಳು. ರೋವೀನಾ ಅದಕ್ಕೆ ಕೈ ಹಾಕಲಿಲ್ಲ. "ಈಗ ಬಿಟ್ರೆ ಹೇಗೇ? ಆಸ್ಪತ್ರೆ ಬಿಲ್ಲು ಬರುತ್ತಲ್ಲ, ಈಗಲೇ ಬೇಕಾಗಿರೋದು."

"ನಾನು ಉಳಿಸಿದ್ದೇನು ಟ್ರೂಡಿ? ನೆಲಮಾಳಿಗೆ ತುಂಬ ಇದೆ, ಅವನ ತಟ್ಟೆಗೆ ಹಾಕೋ ಅಂಥದ್ದು ಒಂದೂ ಇಲ್ಲ."

"ಅಂದ್ರೆ ಎಲ್ಲಾ ನನ್ನ ತಪ್ಪಾ?"

"ನಿನ್ನ ತಪ್ಪು ಅಂದ್ನಾ? ನಾನು ಬರಲ್ಲ, ಅಷ್ಟೇ."

ಟ್ರೂಡಿ ಕಟ್ಟನ್ನು ಅಲ್ಲೇ ಎಸೆದು ಹೋದಳು. ನಡೀನ್ ಶಾಂಪೂವನ್ನೇನೋ ಕೊಂಡಳು, ಮಾತಾಡಿದ್ದರ ಅರ್ಧ ದುಡ್ಡಿಗೆ. ಆ ದುಡ್ಡಿಗೆ ಒಂದು ಸೀಸೆ ಇನ್ಸುಲಿನ್ನೂ ಬರಲಿಲ್ಲ.

ಗುರುವಾರ ರೋವೀನಾ ಗಂಡನಿಗೆ ಹೇಳಿಯೇ ಚರ್ಚಿಗೆ ಹೊರಟಳು. ಮನೆಗೆ ಬಂದಿದ್ದ ಲೀಲ್ಯಾಂಡ್ ಗೋಡೆಯ ಕಡೆ ಮುಖ ತಿರುಗಿಸಿದ. ಸಾಲಿನಲ್ಲಿ ಅವನ ಜೊತೆ ಟೈರ್ ಹೊತ್ತವರ ಹೆಂಡಂದಿರೇ ನಾಲ್ಕಾರು ಮಂದಿ ಇದ್ದರು; ಒಬ್ಬಳು ಸರಿದು ಜಾಗ ಕೊಟ್ಟಳು. ಮೊಟ್ಟೆ, ಕೋಸು, ಕೋಳಿ ಸಿಕ್ಕವು. ಔಷಧಿ ಕಮ್ಮಿಗೆ ಕೊಡುವ ಚಿಕಿತ್ಸಾಲಯದ ವಿಳಾಸವೂ ಸಿಕ್ಕಿತು. ಅಲ್ಲಿ ಒಂದು ತಿಂಗಳ ಇನ್ಸುಲಿನ್ ಕೊಟ್ಟರು. ಮುಂದಿನದಕ್ಕೆ ಕಾದು ನೋಡಿ ಎಂದರು.

ಆ ರಾತ್ರಿ ಅವಳು ಕೋಸು ಬೇಯಿಸಿ ಮೊಟ್ಟೆಯ ಜೊತೆ ತಟ್ಟೆಗೆ ಹಾಕಿದಳು. ಲೀಲ್ಯಾಂಡ್ ತುಂಬ ಹೊತ್ತು ಮುಟ್ಟಲಿಲ್ಲ. ಆಮೇಲೆ ಅವಳ ಮುಖ ನೋಡದೆ ಒಂದು ತುತ್ತು ತಿಂದ.

"ಉಪ್ಪು ಕಮ್ಮಿ."

"ಹಾಕ್ಕೋ," ಎಂದಳು ರೋವೀನಾ, ತನ್ನ ತಟ್ಟೆ ಎಳೆದುಕೊಳ್ಳುತ್ತ.