ಮುಚ್ಚಿದ ಕೊಳ

ಟ್ರಸ್ಟಿನ ಹುಡುಗಿ ಒಳಗೆ ಬಂದಾಗ ಕನ್ನಡಕದಂಗಡಿಯವರು ಒಂದು ಫ್ರೇಮಿನ ಕಡ್ಡಿಯನ್ನು ಬಿಸಿ ಮರಳಿನಲ್ಲಿಟ್ಟು ಕಿವಿಗೆ ಕೂರುವಂತೆ ಬಗ್ಗಿಸುತ್ತಿದ್ದರು. ಅವಳ ಬೂಟಿನ ಕೆಸರು ನೋಡಿಯೇ ಎಲ್ಲಿಂದ ಬಂದವಳೆಂದು ಅವರಿಗೆ ಗೊತ್ತಾಯಿತು. ಬೀದಿಯ ಕೊನೆಯಲ್ಲಿ ಹಾಳು ಸುರಿಯುತ್ತಿದ್ದ ಪಾರ್ಕಿಗೆ ಮತ್ತೆ ಜೀವ ತುಂಬುವ ಹೊಣೆಯನ್ನು ಆ ಭಾಗದ ಬಯಲು ಜಾಗಗಳನ್ನು ಕಾಪಾಡುವ ಭೂ ಟ್ರಸ್ಟ್ ವಹಿಸಿಕೊಂಡಿತ್ತು.

"ಕನ್ನಡಕಕ್ಕೆ ಬಂದಿದ್ದಲ್ಲ ಸರ್."

"ಗೊತ್ತು. ಕೂತ್ಕೊಳ್ಳಿ."

ಕೂತಳು, ಆದರೆ ಮಾತಿಗೆ ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ತಡವರಿಸಿದಳು. "ಕೊಳ ಮತ್ತೆ ತೋಡ್ಬೇಕು ಸರ್. ಅದಿಲ್ದೆ ಪಾರ್ಕ್ ಉಳಿಯಲ್ಲ. ನೆಟ್ಟ ಗಿಡ ಒಣಗ್ತಿವೆ. ಮಳೆ ಬಂದ್ರೆ ನೀರಿಗೆ ನಿಲ್ಲೋಕೆ ಜಾಗ ಇಲ್ದೆ ಕೆಳಗಿನ ಬೀದಿ ಮನೆಗಳಿಗೆ ನುಗ್ಗುತ್ತೆ. ಸಭೇಲಿ ಎಲ್ರೂ ಹೂಂ ಅಂದ್ರು. ಆಮೇಲೆ ಯಾರೋ, ಮೊದ್ಲು ಕನ್ನಡಕದವರನ್ನ ಕೇಳಿ ಅಂದ್ರು. ಅಷ್ಟೇ, ಎತ್ತಿದ ಕೈಯೆಲ್ಲ ಕೆಳಗಿಳಿದ್ವು."

ಆ ಕೊಳದಲ್ಲಿ ಅವರ ಮಗಳು ಮುಳುಗಿ ಹೋಗಿದ್ದಳು. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಮನೆಗೂ ಬೀದಿಗೂ ಅವಳು ಚೂಟಿ. ಇದೇ ಅಂಗಡಿಯಲ್ಲಿ ಗಾಜಿಲ್ಲದ ಫ್ರೇಮುಗಳನ್ನು ಒಂದರ ಮೇಲೊಂದು ಮೂಗಿಗೇರಿಸಿಕೊಂಡು, "ಅಪ್ಪಾ, ಈಗ ನೀನು ಸ್ವಲ್ಪ ಚೆಂದ ಕಾಣ್ತೀಯ" ಎನ್ನುತ್ತಿದ್ದವಳು. ಒಂದು ಮಧ್ಯಾಹ್ನ ಗೊದಮೊಟ್ಟೆ ಹಿಡಿಯಲು ಹೋಗಿ ದಡದ ಕಲ್ಲುಚಪ್ಪಡಿಯ ಪಾಚಿಯ ಮೇಲೆ ಕಾಲಿಟ್ಟು ಜಾರಿದಳು. ಅದಾದ ಮೇಲೆ ಇವರು ಅಂಗಡಿಗೆ ಬೀಗ ಹಾಕಿ ನಗರಸಭೆಯ ಮುಂದೆ ಹೋಗಿ ಕೂತರು. ಇಡೀ ಬೀದಿ ಅವರ ಬೆನ್ನಿಗೆ ನಿಂತಿತು. ಕೊನೆಗೆ ಕೆಡವಿದ ಕಟ್ಟಡಗಳ ಕಲ್ಲುಮಣ್ಣು ಲಾರಿ ಲಾರಿಯಾಗಿ ಬಂದು ಕೊಳದೊಳಗೆ ಬಿತ್ತು. ಮುಗಿದ ದಿನ ಮನೆಗೆ ಬಂದು, "ಇನ್ನು ಯಾರ ಮಗೂಗೂ ಹಾಗಾಗಲ್ಲ ಕಣೇ" ಎಂದರು. ಬಟ್ಟೆ ಮಡಚುತ್ತಿದ್ದ ಹೆಂಡತಿ "ಹೂಂ" ಎಂದಳು. ಅವಳು ಹೂಂಗುಟ್ಟಿದ್ದನ್ನೇ ಅವರು ಇಷ್ಟು ವರ್ಷ ಸಮಾಧಾನವೆಂದು ತಿಳಿದಿದ್ದರು.

"ಆಗಲ್ಲಮ್ಮ," ಎಂದರು ಈಗ.

"ದಡ ಎಲ್ಲಾ ಇಳಿಜಾರು ಮಾಡ್ತೀವಿ ಸರ್. ಮೊಣಕಾಲುದ್ದ ಕೂಡ ನೀರು..."

"ಅವಳು ಹೋದ ಕಡೇನೂ ನನಗೆ ಮೊಣಕಾಲುದ್ದಾನೇ ಇತ್ತು."

ಹುಡುಗಿ ಎದ್ದು, ತನ್ನ ಬೂಟಿನಿಂದ ನೆಲಕ್ಕೆ ಉದುರಿದ್ದ ಮಣ್ಣನ್ನು ಕೈಯಿಂದಲೇ ಬಳಿದುಕೊಂಡು ಹೋದಳು.

ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಎಷ್ಟು ತೊಳೆದರೂ ಅವಳ ಕೈಯಿಂದ ಬ್ಲೀಚಿನ ವಾಸನೆ ಹೋಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಇವರು ನಡೆದದ್ದೆಲ್ಲ ಹೇಳಿದರು.

"ನೀವೇನಂದ್ರಿ?"

"ಆಗಲ್ಲ ಅಂದೆ. ಇನ್ನೇನನ್ಲಿ?"

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನನ್ನ ಒಂದು ಮಾತು ಕೇಳ್ಬೇಕು ಅನ್ನಿಸಲಿಲ್ವಾ ನಿಮಗೆ?"

"ಕೇಳ್ತಿದೀನಲ್ಲ, ಹೇಳು."

"ಈಗಲ್ಲ. ಆಗ." ಅವಳ ದನಿ ಏರಲಿಲ್ಲ. "ನೀವು ನಗರಸಭೆ ಮುಂದೆ ಕೂತಿರ್ತಿದ್ರಿ. ನಾನು ಕೊಳದ ದಡದಲ್ಲಿ ಕೂತಿರ್ತಿದ್ದೆ, ದಿನಾ. ಮಗು ಕೊನೇಲಿ ಇದ್ದ ಜಾಗ ಅದೇ ತಾನೇ. ಬೈಯೋಕೂ ನನಗೆ ಆ ನೀರೇ, ಅಳೋಕೂ ಆ ನೀರೇ. ನೀವು ಯಾರ್ಯಾರ ಮನೆ ಗೋಡೇನೋ ತರಿಸಿ ಅದರ ಮೇಲೆ ಸುರಿಸಿದ್ರಿ."

"ನಿನಗೋಸ್ಕರ ಅಲ್ವೇನೇ ಮಾಡಿದ್ದು?"

"ಗೊತ್ತು ರೀ. ಅದಕ್ಕೇ ಬಾಯಿ ಬಿಡ್ಲಿಲ್ಲ. ಆ ಹಟ ಒಂದೇ ನಿಮ್ಮನ್ನ ಎತ್ತಿ ನಿಲ್ಲಿಸಿತ್ತು. ನಾನು ಬೇಡ ಅಂದಿದ್ರೆ ನೀವೂ ನನ್ನ ಕೈ ಬಿಟ್ಟು ಹೋಗ್ತಿದ್ರಿ."

ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದರು. ಅವಳೇ ನೀರಿನ ಲೋಟ ಮುಂದಕ್ಕೆ ದೂಡಿದಳು.

ಆಮೇಲೆ ಎಷ್ಟೋ ದಿನ ಮನೆಯಲ್ಲಿ ಹೂಂ, ಉಹುಂ ಬಿಟ್ಟರೆ ಮಾತಿಲ್ಲ. ಅಂಗಡಿಯಲ್ಲಿ ಅವರು ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಗಿರಾಕಿಯಿಂದ ಬೈಸಿಕೊಂಡರು. ಕೊನೆಗೊಂದು ಬೆಳಿಗ್ಗೆ ಅಂಗಡಿ ತೆರೆಯದೆ ನೇರ ಪಾರ್ಕಿನ ತಗಡಿನ ಶೆಡ್ಡಿಗೆ ಹೋದರು. ಹುಡುಗಿ ಸಸಿಗಳ ಚೀಲ ಇಳಿಸಿಕೊಳ್ಳುತ್ತಿದ್ದಳು.

"ತೋಡಿ."

ಅವಳು ಚೀಲ ಕೆಳಗಿಟ್ಟಳು. "ಸರ್, ಸಭೆಗೆ ಬಂದು ನೀವೇ ಒಂದು ಮಾತು..."

"ಬರಲ್ಲ. ನಾನು ಅಂದೆ ಅಂತ ಹೇಳಿ. ಸುತ್ತ ಬೇಲಿ ಮಾತ್ರ ಇರ್ಲಿ."

"ಇರತ್ತೆ ಸರ್. ನಾನೇ ನಿಂತು ಹಾಕಿಸ್ತೀನಿ."

ತೋಡುವ ಕೆಲಸ ಬೇಸಿಗೆಯುದ್ದಕ್ಕೂ ನಡೆಯಿತು. ಹಿಂದೊಮ್ಮೆ ತಂದು ಸುರಿದಿದ್ದ ಅದೇ ಕಲ್ಲುಮಣ್ಣು ಈಗ ಲಾರಿ ಲಾರಿಯಾಗಿ ಅಂಗಡಿಯ ಮುಂದೆಯೇ ಹಿಂದಿರುಗಿತು. ಒಂದು ಲಾರಿಯ ಮೇಲೆ ಯಾರದೋ ಬಚ್ಚಲುಮನೆಯ ಗೋಡೆ, ನೀಲಿ ಟೈಲ್ಸ್ ಸಮೇತ, ಹಾಗೇ ಇತ್ತು. ಅಂಗಡಿಯವರು ತಲೆ ತಗ್ಗಿಸಿ ಸ್ಕ್ರೂ ತಿರುಗಿಸುತ್ತ ಕೂತರು. ಬೀದಿಯವರೂ ಒಳ್ಳೆಯವರೇ, ಯಾರೂ ಏನೂ ಕೇಳಲಿಲ್ಲ.

ಮಳೆ ಹಿಡಿದ ಮೇಲೆ ಕೊಳ ತುಂಬಿತು. ಹೆಂಡತಿ ಲಾಂಡ್ರಿಯ ಕೆಲಸ ಮುಗಿಸಿ ದಿನವೂ ಅಲ್ಲಿಗೆ ಹೋಗತೊಡಗಿದಳು. ಒಂದು ರಜೆಯ ದಿನ, ಅವಳು ಕರೆಯದಿದ್ದರೂ, ಇವರೂ ಚಪ್ಪಲಿ ಮೆಟ್ಟಿ ಹೊರಟರು.

ಹೊಸ ಕೊಳದ ಆಕಾರವೇ ಬೇರೆ. ದಡವನ್ನು ದೂರಕ್ಕೆ ಸರಿಸಿದ್ದರು, ಹಳೆಯ ಕಲ್ಲುಚಪ್ಪಡಿ ಇರಲಿಲ್ಲ, ಅಂಚಿನ ತುಂಬ ಹೊಸ ಜೊಂಡು. ಅವರು ಬೇಲಿಗುಂಟ ಒಂದು ಸುತ್ತು ಬಂದರು, ಇನ್ನೊಂದು ಸುತ್ತು ಬಂದರು.

"ಅವಳು ಬಿದ್ದಿದ್ದು ಎಲ್ಲಿ ಅಂತಾನೇ ಗೊತ್ತಾಗ್ತಿಲ್ಲ ಕಣೇ."

"ನನಗೂ ಗೊತ್ತಾಗಲ್ಲ," ಎಂದಳು ಹೆಂಡತಿ.

"ಮತ್ತೆ ದಿನಾ ಬರ್ತೀಯಲ್ಲ?"

"ಬರ್ತೀನಿ."

ಅವರು ಬೇಲಿ ಹಿಡಿದು ನಿಂತರು. ಮುಚ್ಚಿಸಿದವರೂ ತಾವೇ, ತೋಡಲು ಒಪ್ಪಿದವರೂ ತಾವೇ. ಎರಡರಿಂದಲೂ ಅವಳ ಕೈಗೆ ಆ ಒಂದು ಗೇಣು ಜಾಗವನ್ನು ತಂದುಕೊಡಲು ಆಗಲಿಲ್ಲ. "ನನ್ನಿಂದ ತಪ್ಪಾಯ್ತು" ಎಂದರು. ಅವಳು ಅವರ ತೋಳು ಹಿಡಿದು ಹುಲ್ಲಿನ ಮೇಲೆ ಕೂರಿಸಿದಳು.

ಆಮೇಲೆ ಅವರು ಅಲ್ಲಿಗೆ ಹೋಗಲಿಲ್ಲ, ಮನಸ್ಸು ಬರಲಿಲ್ಲ. ಹೆಂಡತಿ ಹೋಗುವುದನ್ನು ನಿಲ್ಲಿಸಲಿಲ್ಲ. ಅವಳು ಬರುವುದು ತಡವಾಗುವುದರಿಂದ ಸಂಜೆಯ ಅಡುಗೆ ಅವರ ಪಾಲಿಗೆ ಬಂತು. ಉಪ್ಪು ಹೆಚ್ಚಾದರೂ ಅವಳು ಸುಮ್ಮನೆ ಉಣ್ಣುತ್ತಾಳೆ. ಉಣ್ಣುತ್ತ, ಇವತ್ತು ನೀರು ಎಷ್ಟು ಏರಿದೆ, ಯಾವ ಹಕ್ಕಿ ಬಂದಿತ್ತು ಎಂದು ಹೇಳುತ್ತಾಳೆ. ಅವರು ತಲೆ ಎತ್ತದೆ ಕೇಳಿಸಿಕೊಳ್ಳುತ್ತಾರೆ.