ಅಜ್ಜನ ಗಾಡಿಯ ಬೆನ್ನುಮೂಳೆ

ನಲವತ್ತಾರನೇ ವಯಸ್ಸಿನಲ್ಲಿ ನಮ್ಮ ಯಜಮಾನರಿಗೆ ಇದ್ದಕ್ಕಿದ್ದಂತೆ ಅವರ ಅಜ್ಜನ ಮೇಲೆ ಪ್ರೀತಿ ಉಕ್ಕಿತು. ಅಜ್ಜ ತೀರಿಹೋಗಿ ಮೂವತ್ತು ವರ್ಷವಾಗಿತ್ತು. ಬದುಕಿದ್ದಾಗ ಕಾಲಿಗೆ ಸ್ವಲ್ಪ ಎಣ್ಣೆ ತಿಕ್ಕೋ ಅಂದರೆ ಈ ಮೊಮ್ಮಗ ಹಲಸಿನ ಮರ ಹತ್ತಿ ಕೂರುತ್ತಿದ್ದರಂತೆ. ಇದನ್ನು ಹೇಳಿದ್ದು ನಾನಲ್ಲ, ಅವರನ್ನು ಹೆತ್ತ ನಮ್ಮತ್ತೆ ಸುಲೋಚನಮ್ಮ.

ಆ ಪ್ರೀತಿಯನ್ನು ಹುಟ್ಟಿಸಿದವನು ಡ್ಯಾರಿಲ್. ಹಾನುಬಾಳಿನಾಚೆ ದೊಡ್ಡ ಎಸ್ಟೇಟಿನ ಒಡೆಯ, ಮೂರು ತಲೆಮಾರಿನ ಹಿಂದೆ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದ ಮನೆತನ, ಈಗ ಹಳೇ ಜೀಪುಗಳ ಕ್ಲಬ್ಬಿಗೆ ಅಧ್ಯಕ್ಷ. ಕಳೆದ ವರ್ಷ ಮೇ ತಿಂಗಳಲ್ಲಿ ಮೆಣಸಿನ ಬಳ್ಳಿ ಕೇಳಿಕೊಂಡು ನಮ್ಮ ತೋಟಕ್ಕೆ ಬಂದವನು ಕಾಫಿ ಸ್ಟೋರಿನ ಹಿಂದೆ ಮೂತ್ರಕ್ಕೆ ಹೋದ. ಹೋದವನು ಅಲ್ಲಿಂದಲೇ ಕೂಗಿಕೊಂಡ.

ಅಲ್ಲಿದ್ದದ್ದು ಅಜ್ಜನ ಜೀಪು ಟ್ರಕ್ಕು. ಮುಂದೆ ಜೀಪಿನ ಮೂತಿ, ಹಿಂದೆ ಮೂಟೆ ಹೇರುವ ತೊಟ್ಟಿ, ನಾಲ್ಕೂ ಚಕ್ರಕ್ಕೆ ಎಳೆತವಿರುವ ಡೀಸೆಲ್ ಗಾಡಿ. ಅಂದರೆ ಒಂದು ಕಾಲದಲ್ಲಿ ಎಳೆತವಿತ್ತು. ನಾನು ಮದುವೆಯಾಗಿ ಬಂದಾಗಿನಿಂದ ಅದರ ಬಾನೆಟ್ಟಿನೊಳಗಿಂದ ಲಂಟಾನ ಬೆಳೆದು ಹೂ ಬಿಡುತ್ತಿತ್ತು, ಸೀಟಿನ ಮೇಲೆ ಕೋಳಿ ಕಾವಿಗೆ ಕೂರುತ್ತಿತ್ತು.

"ಸಂಜಯ್, ಇದು ಹೆರಿಟೇಜ್ ಕಣೋ ಮಾರಾಯ!" ಎಂದ ಡ್ಯಾರಿಲ್, ಕೋಳಿಯನ್ನು ಓಡಿಸುತ್ತ.

"ಹೆರಿಟೇಜ್ ಅಲ್ಲ ಕಣಪ್ಪ, ಕೋಳಿಗೂಡು. ಮೊಟ್ಟೆ ತುಳಿದೀಯೆ, ಹುಷಾರು," ಎಂದರು ನಮ್ಮತ್ತೆ.

ಆದರೆ ಮಾತು ಆಗಲೇ ನಾಟಿಬಿಟ್ಟಿತ್ತು. ಅಂದು ಸಂಜೆ ನಮ್ಮವರು ಕ್ಲಬ್ಬಿನ ವಾಟ್ಸಾಪ್ ಗುಂಪಿಗೆ ಸೇರಿದರು. ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗ, ಅಜ್ಜ ಆ ಗಾಡಿಯಲ್ಲಿ ಎಡಕುಮೇರಿಯ ಕಾಡಿನವರೆಗೂ ಹೋಗಿ ಬಂದ ಕಥೆ ಹೇಳಿದರು. "ನಿಮ್ಮಜ್ಜ ಆ ಗಾಡೀಲಿ ಹಾನುಬಾಳು ದಾಟಿದ್ದನ್ನ ನಾನು ಕಂಡಿಲ್ಲ. ವಾರಕ್ಕೊಂದು ಸಲ ಕೆಡ್ತಿತ್ತು, ನಡ್ಕೊಂಡು ಬರ್ತಿದ್ರು," ಎಂದರು ಅತ್ತೆ. ಇತಿಹಾಸ ಬರೆಯುವವರು ಕಂಡವರ ಮಾತು ಎಲ್ಲಿ ಕೇಳುತ್ತಾರೆ?

ಈಗ ನನ್ನ ಜೀಪಿನ ವಿಷಯ ಹೇಳಬೇಕು. ಅದೇ ಜಾತಿ, ಅದೇ ಅಚ್ಚು, ನಾಲ್ಕೈದು ವರ್ಷ ಕಿರಿಯದು. ಆಲೂರಿನ ಕಡೆ ನಮ್ಮಪ್ಪ ಮಹಾದೇವಯ್ಯ ಅದರಲ್ಲಿ ಶುಂಠಿ ಸಾಗಿಸುತ್ತಿದ್ದರು. ನಾನು ಗೇರು ಹಾಕಲು ಕಲಿತದ್ದು ಅದರಲ್ಲೇ. ಮದುವೆಯಲ್ಲಿ ಅದನ್ನು ನನ್ನ ಹೆಸರಿಗೆ ಬರೆಸಿ ಕೊಟ್ಟರು. "ಬಂಗಾರ ಕೊಟ್ರೆ ಬೀರುನಾಗೆ ಮಲ್ಗಿರ್ತದೆ. ಗಾಡಿ ಐತೆ ಅಂದ್ರೆ ಯಾರನ್ನೂ ಕೇಳ್ದೆ ಅಪ್ಪನ ಮನೆಗೆ ಬರಬೋದು," ಎಂದಿದ್ದರು. ಬಣ್ಣ ಹೋಗಿತ್ತು, ಒಂದು ಬಾಗಿಲು ಹಗ್ಗದಲ್ಲಿ ನಿಂತಿತ್ತು, ಆದರೆ ಒಂದು ದಿನವೂ ದಾರಿಯಲ್ಲಿ ಕೈಕೊಟ್ಟಿರಲಿಲ್ಲ.

ಅದಿಲ್ಲದೆ ನಮ್ಮ ಹನ್ನೆರಡು ಎಕರೆಗೆ ಕೊಯ್ಲಿಲ್ಲ. ಈಗ ನಮ್ಮ ಕಡೆ ಆಳುಗಳು ತೋಟ ನೋಡಿ ಬರುವುದಿಲ್ಲ, ಗಾಡಿ ನೋಡಿ ಬರುತ್ತಾರೆ. ಕಾಫಿ ಹಣ್ಣಾದ ಮೇಲೆ ಬೆಳಿಗ್ಗೆ ಏಳೂವರೆಗೆ ಹಾನುಬಾಳಿನ ಸರ್ಕಲ್ಲಿಗೆ ಹೋಗಿ ನೋಡಿ: ಎಸ್ಟೇಟಿಗೊಂದರಂತೆ ಜೀಪು ಸಾಲಾಗಿ ನಿಂತಿರುತ್ತದೆ, ಕಂಡಕ್ಟರುಗಳಂತೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ಹೆಂಗಸರನ್ನು ಕೂಗಿ ಕರೆಯುತ್ತಿರುತ್ತಾರೆ. ಗಾಡಿ ತರದವನಿಗೆ ಆಳಿಲ್ಲ. ನಮ್ಮ ತೋಟ ಸರ್ಕಲ್ಲಿನಿಂದ ಮೂರು ಕಿಲೋಮೀಟರು ಕಡಿದಾದ ಮಣ್ಣಿನ ಏರು, ಆಟೋ ಹತ್ತುವುದಿಲ್ಲ. ಹಾಗಾಗಿ ಹದಿನೆಂಟು ವರ್ಷದಿಂದ ನಾನೇ ಹೋಗಿ ಕೆಂಚಮ್ಮನ ಗುಂಪನ್ನು, ಹನ್ನೊಂದು ಹೆಂಗಸರನ್ನು, ಹತ್ತಿಸಿಕೊಂಡು ಬರುತ್ತಿದ್ದೆ. ಗುಂಪಿನ ಹಿರಿಯಳಾದ ಕೆಂಚಮ್ಮನಿಗೆ ಅರವತ್ತು ದಾಟಿತ್ತು, ಎರಡೂ ಮಂಡಿ ಹಿಡಿದುಕೊಂಡಿದ್ದವು. ಮುಂದಿನ ಸೀಟು ಅವಳದೇ.

ಜುಲೈನಲ್ಲಿ ನಮ್ಮವರು ತಲೆ ಕೆರೆದುಕೊಳ್ಳುತ್ತ ಬಂದರು. "ಅಜ್ಜನ ಗಾಡಿ ಗೇರ್‌ಬಾಕ್ಸ್ ಹೋಗಿದೆ. ಹೊಸದು ಸಿಗಲ್ಲ. ನಿನ್ನ ಜೀಪು ಮಳೆಗಾಲದಲ್ಲಿ ಸುಮ್ಮನೆ ನಿಂತಿರುತ್ತಲ್ಲ... ಕೊಯ್ಲಿನ ಹೊತ್ತಿಗೆ ವಾಪಸ್ ಹಾಕಿಸ್ತೀನಿ."

ಕ್ಲಬ್ಬಿನವರು ಇಂಥ ಗಾಡಿಗೆ ಡೋನರ್ ಅನ್ನುತ್ತಾರೆ. ನಾನು ಕಾಲೇಜಿನಲ್ಲಿ ಒಂದು ಸಲ ರಕ್ತದಾನ ಮಾಡಿದ್ದೆ. ಒಂದು ಬಾಟಲಿ ತೆಗೆದುಕೊಂಡು, ಬಿಸ್ಕತ್ತು ಕೊಟ್ಟು, ಮನೆಗೆ ಕಳಿಸಿದ್ದರು. ಜೀಪಿಗೆ ಆ ಮರ್ಯಾದೆಯಿಲ್ಲ. ಗೇರ್‌ಬಾಕ್ಸ್ ಆದ ಮೇಲೆ ಮುಂದಿನ ಆಕ್ಸಲ್ ಹೋಯಿತು. ಆಗಸ್ಟಿನಲ್ಲಿ ಎಂಜಿನ್ ಹೋಯಿತು, ಅಜ್ಜನದು ಕಲ್ಲಾಗಿ ಕೂತಿತ್ತಂತೆ. ಸ್ಟೀರಿಂಗು, ಡೈನಮೋ, ಬ್ರೇಕಿನ ಡ್ರಮ್ಮು ಹೋದದ್ದು ನನಗೆ ಹೇಳದೆ. ಒಂದೊಂದು ಸಾಮಾನು ಹೋದಾಗಲೂ ಗುಂಪಿನಲ್ಲಿ ಫೋಟೋ ಬೀಳುತ್ತಿತ್ತು, ಕೆಳಗೆ ಇಪ್ಪತ್ತು ಹೆಬ್ಬೆರಳು. ನನ್ನ ಜೀಪಿಗೆ ಒಬ್ಬರೂ ಥ್ಯಾಂಕ್ಸ್ ಹೇಳಲಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಅಕ್ಟೋಬರಿನಲ್ಲಿ ಅಪ್ಪನ ಕಣ್ಣಿನ ಆಪರೇಷನ್ನಿಗೆಂದು ಬಸ್ಸಿನಲ್ಲಿ ಊರಿಗೆ ಹೋಗಿ ನಾಲ್ಕು ದಿನ ಇದ್ದೆ. ತಿರುಗಿ ಬಂದಾಗ ನನ್ನ ಜೀಪು ನಿಂತಿದ್ದ ಜಾಗದಲ್ಲಿ ಅದರ ಬರೀ ಮೈ ನಾಲ್ಕು ಜಂಬಿಟ್ಟಿಗೆ ಕಲ್ಲಿನ ಮೇಲೆ ಕೂತಿತ್ತು. ಕೆಳಗೆ ಚಕ್ರವಿಲ್ಲ, ಚಾಸಿಸ್ ಅನ್ನುವ ಚೌಕಟ್ಟಿಲ್ಲ. ನಮ್ಮತ್ತೆಯ ಕೋಳಿ ಆಗಲೇ ಬಂದು ಸೀಟು ಹಿಡಿದಿತ್ತು.

ನನಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟು ಬಂತು. ಸೀದಾ ಹಾನುಬಾಳಿನಲ್ಲಿ ಆಂಥೋನಿಯ ಗ್ಯಾರೇಜಿಗೆ ನಡೆದೆ.

ಆಂಥೋನಿ ಒಳ್ಳೆಯ ಮೆಕ್ಯಾನಿಕ್ಕು, ಸುಳ್ಳು ಹೇಳಲು ಬಾರದವನು, ಹಾಗಾಗಿ ಬಡವ. ನನ್ನನ್ನು ಕಂಡವನೇ ಎದ್ದು ಕೈ ಒರೆಸಿಕೊಂಡ.

"ಹೇಮಕ್ಕ, ನನ್ನ ಬೈಬೇಡಿ. ಅಜ್ಜನ ಗಾಡಿ ಚಾಸಿಸ್‌ಗೆ ಸುತ್ತಿಗೆ ತಟ್ಟಿದೆ, ಹಪ್ಪಳದಂಗೆ ಮುರ್ದೋಯ್ತು. ಸಾರ್ ಎರಡು ದಿನ ಊಟ ಬುಟ್ರು. ಮೂರನೇ ದಿನ ನಿಮ್ಮದನ್ನ ಬಿಚ್ಚು ಅಂದ್ರು."

"ಬಿಚ್ಚಿಬಿಟ್ಯಾ?"

"ಬಿಚ್ಚೋಕೆ ಮುಂಚೆ ಹೇಳ್ದೆ ಅಕ್ಕ. ಏನು ಬೇಕಾದ್ರೂ ಬದಲಾಯ್ಸಬೋದು, ಚಾಸಿಸ್ ಬದಲಾಯ್ಸಿದ್ರೆ ಗಾಡೀನೇ ಬದಲಾದಂಗೆ. ನಂಬರು ಹೊಡ್ದಿರೋದು ಇದರ ಮೇಲೆ. ಸರ್ಕಾರದ ಲೆಕ್ಕದಾಗೆ ಇದು ನಿಮ್ಮ ಗಾಡಿ ಅಂತ. ಅದಕ್ಕೆ ಸಾರ್ 'ಗ್ರೀಸ್ ಮೆತ್ತು, ಯಾರು ಬಗ್ಗಿ ನೋಡ್ತಾರೆ' ಅಂದ್ಬುಟ್ರು."

ನಾನು ಅಲ್ಲಿ ನಿಂತಿದ್ದ ಗಾಡಿಯನ್ನು ಸುತ್ತು ಹಾಕಿ ನೋಡಿದೆ. ಬೆನ್ನುಮೂಳೆ ನನ್ನದು, ಎಂಜಿನ್ ನನ್ನದು, ಕಾಲು ನನ್ನದು. ಅಜ್ಜನದು ಅಂತ ಉಳಿದದ್ದು ಬಾನೆಟ್ಟು, ಎರಡು ಬಾಗಿಲು ಮತ್ತು ಹಿಂದಿನ ತೊಟ್ಟಿ. ಆ ಬೆನ್ನುಮೂಳೆಯ ಆರ್‌ಸಿ ಪುಸ್ತಕ ನನ್ನ ಬೀರುವಿನಲ್ಲಿತ್ತು, ನನ್ನ ಹೆಸರಿನಲ್ಲಿತ್ತು.

ಅಂದೇ ಮನೆಗೆ ಬಂದು ಆ ಪುಸ್ತಕವನ್ನು ಮುಖದ ಮುಂದೆ ಹಿಡಿದು ಕೀ ಕೇಳಬಹುದಿತ್ತು. ಕೇಳಲಿಲ್ಲ. ಮನೆಯೊಳಗೆ ಗೆದ್ದರೆ ನೋಡುವವರು ಯಾರು, ನಮ್ಮತ್ತೆ ಮತ್ತು ಕೋಳಿ. ಜನವರಿಯಲ್ಲಿ ದೋಣಿಗಲ್ಲಿನ ಒಂದು ಹೋಂಸ್ಟೇಯಲ್ಲಿ ಕ್ಲಬ್ಬಿನ ಪ್ರದರ್ಶನವಿತ್ತು. ಅದಕ್ಕೆ ಬರುವ ಪ್ರತಿ ಗಾಡಿಗೂ ಫಿಟ್‌ನೆಸ್ ಸರ್ಟಿಫಿಕೇಟ್ ಇರಬೇಕು ಎಂದು ಡ್ಯಾರಿಲ್ ನಿಯಮ ಮಾಡಿದ್ದ. ಅದನ್ನು ಕೊಡುವ ಆರ್‌ಟಿಒ ಇನ್‌ಸ್ಪೆಕ್ಟರು ಬಗ್ಗಿ ನೋಡೇ ನೋಡುತ್ತಾರೆ. ಆ ತಪಾಸಣೆಯಲ್ಲಿ, ಎಲ್ಲರ ಮುಂದೆ, ಗ್ರೀಸು ಒರೆಸಿದಾಗ ನಮ್ಮವರ ಮುಖ ಹೇಗಾಗುತ್ತದೆ ಎಂದು ನೆನೆದು ನೆನೆದು ನಾನು ಒಳಗೊಳಗೇ ನಕ್ಕೆ. ಆಂಥೋನಿಗೂ ಬಾಯಿ ಮುಚ್ಚಿಕೊಂಡಿರಲು ಹೇಳಿದೆ.

ಡಿಸೆಂಬರ್ ಮೊದಲ ವಾರಕ್ಕೆ ಅರೇಬಿಕಾ ಕೆಂಪಾಯಿತು. ಅಷ್ಟರಲ್ಲಿ ಗಾಡಿ ಬಣ್ಣ ಬಳಿದುಕೊಂಡು ಮನೆ ಮುಂದಿನ ಶೆಡ್ಡಿಗೆ ಬಂದಿತ್ತು. ಕಡುಹಸಿರು, ಬಾನೆಟ್ಟಿನ ಮೇಲೆ ಚಿನ್ನದಕ್ಷರದಲ್ಲಿ ಅಜ್ಜನ ಹೆಸರು. ನಮ್ಮವರು ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಟೂತ್‌ಬ್ರಶ್ಶಿನಲ್ಲಿ ಅದರ ಗ್ರಿಲ್ ಉಜ್ಜುತ್ತಿದ್ದರು. ನಾನು ಒಂದೇ ಒಂದು ಸಲ ಕೇಳಿದೆ.

"ಆಳು ಕರ್ಕೊಂಡು ಬರೋಕೆ ಇದನ್ನ ಕೊಡಿ."

"ಹುಚ್ಚೇನೆ ನಿಂಗೆ? ಕೆಸರುಗಾಲಲ್ಲಿ ಹತ್ತಿಸೋಕಾ ಇಷ್ಟೆಲ್ಲ ಮಾಡಿದ್ದು? ಶೋ ಮುಗೀಲಿ."

ಮುಗೀಲಿ, ಅಂದುಕೊಂಡೆ ನಾನೂ.

ಗಾಡಿ ಬಾರದ್ದನ್ನು ಕಂಡು ಎರಡೇ ದಿನದಲ್ಲಿ ಹತ್ತು ಹೆಂಗಸರೂ ಪಕ್ಕದ ಎಸ್ಟೇಟಿನ ಜೀಪು ಹತ್ತಿದರು. ಅವರದೇನೂ ತಪ್ಪಿಲ್ಲ. ಕೆಂಚಮ್ಮ ಮಾತ್ರ ಬಂದಳು. ಮೂರು ಕಿಲೋಮೀಟರು ಏರು, ಮಂಡಿಗೆ ಹಳೇ ಸೀರೆಯ ಅಂಚು ಕಟ್ಟಿಕೊಂಡು, ದೊಡ್ಡ ತಿರುವಿನ ಬಂಡೆಯ ಮೇಲೆ ಕೂತು ಸುಧಾರಿಸಿಕೊಂಡು, ಒಂಬತ್ತಕ್ಕೆ ಗೇಟಿಗೆ ಬರುವಳು. ಬುಟ್ಟಿ ಕಟ್ಟಿಕೊಳ್ಳುವ ಮುಂಚೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಮಂಡಿ ಒತ್ತಿಕೊಳ್ಳುವಳು.

"ಗಾಡಿ ಯಾವಾಗ ಬತ್ತದೆ ಅಮ್ಮಾರೆ?"

"ಬರುತ್ತೆ ಕೆಂಚಮ್ಮ. ಇನ್ನು ಸ್ವಲ್ಪ ದಿನ ತಡಿ."

"ಆಗ್ಲಿ. ನಾನೂ ಬುಟ್ರೆ ನೀವೊಬ್ರೆ ಏನ್ ಮಾಡೀರಿ," ಎಂದು ಏಳುವಳು. ಎಂಥ ನಿಯತ್ತು ಎಂದು ನನ್ನ ಕಣ್ಣು ತುಂಬುತ್ತಿತ್ತು. ಅವಳಿಗೆ ಬಿಸಿ ಕಾಫಿ ಕೊಡುತ್ತಿದ್ದೆ. ನಾವಿಬ್ಬರೂ ಕಿತ್ತಷ್ಟು ಕಿತ್ತೆವು, ಉಳಿದದ್ದರಲ್ಲಿ ಅರ್ಧ ಗಿಡದ ಬುಡದಲ್ಲಿ ಉದುರಿ ಕಪ್ಪಾಯಿತು.

ಜನವರಿ ಎರಡನೇ ವಾರ ಸಕಲೇಶಪುರದಲ್ಲಿ ತಪಾಸಣೆ. ಡ್ಯಾರಿಲ್ ವೀಡಿಯೊ ಮಾಡಲು ಜೊತೆಗೆ ಬಂದ. ಕ್ಲಬ್ಬಿನ ಇನ್ನೂ ನಾಲ್ಕು ಜನ ಬಂದಿದ್ದರು. ನಾನೂ ಸೀರೆ ಉಟ್ಟುಕೊಂಡು ಹೊರಟಾಗ ನಮ್ಮವರಿಗೆ ಬಹಳ ಸಂತೋಷವಾಯಿತು, ಪಾಪ. ನನಗೂ ಕೊನೆಗೆ ಹೆರಿಟೇಜ್ ಅರ್ಥವಾಯಿತು ಅಂದುಕೊಂಡರು.

ಇನ್‌ಸ್ಪೆಕ್ಟರು ಬಗ್ಗಿ ಟಾರ್ಚು ಬಿಟ್ಟರು, ಬಟ್ಟೆಯಿಂದ ಗ್ರೀಸು ಒರೆಸಿದರು. ನಂಬರಿನ ಮೇಲೆ ಬಿಳಿ ಹಾಳೆ ಇಟ್ಟು ಪೆನ್ಸಿಲ್ಲಿನಿಂದ ಉಜ್ಜಿದರು. ಅಕ್ಷರಗಳು ಒಂದೊಂದಾಗಿ ಹಾಳೆಯ ಮೇಲೆ ಮೂಡಿದವು. ಎದ್ದು ನಿಂತು ಅಜ್ಜನ ಆರ್‌ಸಿಯ ಪಕ್ಕ ಇಟ್ಟು ನೋಡಿದರು. ಇನ್ನೊಮ್ಮೆ ನೋಡಿದರು.

"ಸಾರ್, ಇದು ಈ ಪುಸ್ತಕದ ಗಾಡಿ ಅಲ್ಲ. ಚಾಸಿಸ್ಸೂ ಬೇರೆ, ಎಂಜಿನ್ನೂ ಬೇರೆ. ಯಾರ ಗಾಡಿ ಇದು? ಎಲ್ಲಿಂದ ತಂದ್ರಿ?"

ನಮ್ಮವರ ಬಾಯಿ ತೆರೆದುಕೊಂಡಿತು. ಡ್ಯಾರಿಲ್ ಮೆಲ್ಲನೆ ಫೋನು ಕೆಳಗಿಳಿಸಿದ. ಕದ್ದ ಗಾಡಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಕ್ಲಬ್ಬಿನ ನಾಲ್ವರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಮೂರು ತಿಂಗಳು ನಾನು ಕಾದದ್ದು ಈ ಒಂದು ಹೆಜ್ಜೆಗೆ. ಬ್ಯಾಗು ತೆರೆದು ನನ್ನ ಪುಸ್ತಕ ಕೊಟ್ಟೆ.

"ನಂದು ಸಾರ್."

ಅವರು ಓದಿದರು, ತಾಳೆ ನೋಡಿದರು, ತಲೆಯಾಡಿಸಿದರು. "ಸರಿಯಾಗಿದೆ ಮೇಡಂ. ಬಣ್ಣ ಬದಲಾಗಿದೆ, ಅದೊಂದು ಬರೆಸ್ಕೊಳ್ಳಿ," ಎಂದು ಕೀ ನನ್ನ ಕೈಗೆ ಕೊಟ್ಟರು.

ಡ್ಯಾರಿಲ್ ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ಭಾನುವಾರ ಶೋಗೆ ನೀವೇ ತರ್ತೀರಾ ಮೇಡಂ?"

"ಭಾನುವಾರ ನಮಗೆ ಕೊಯ್ಲಿದೆ," ಅಂದೆ. ಸುಳ್ಳೇಕೆ ಹೇಳಲಿ, ಎದೆ ತಂಪಾಯಿತು. ಮನೆಗೆ ಬರುವಾಗ ನಾನು ಓಡಿಸಿದೆ, ನಮ್ಮವರು ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡಿದರು. "ಅಷ್ಟು ಜನರ ಮುಂದೆ..." ಎಂದು ಒಮ್ಮೆ ಶುರುಮಾಡಿದರು, ಮುಗಿಸಲಿಲ್ಲ.

ಮರುದಿನ ಏಳೂವರೆಗೆ ಸರ್ಕಲ್ಲಿನಲ್ಲಿ ಹಸಿರು ಗಾಡಿ ನಿಂತಾಗ ಜನ ಟೀ ಲೋಟ ಹಿಡಿದುಕೊಂಡೇ ಹೊರಬಂದು ನೋಡಿದರು. ಹತ್ತು ಹೆಂಗಸರೂ ಪಕ್ಕದ ಎಸ್ಟೇಟಿನ ಜೀಪಿನಿಂದ ಇಳಿದು ನನ್ನ ತೊಟ್ಟಿ ಹತ್ತಿದರು. ಕೆಂಚಮ್ಮ ಆಗಲೇ ಏರಿನ ಬುಡದಲ್ಲಿ ನಡೆಯುತ್ತಿದ್ದಳು. ನಿಲ್ಲಿಸಿ, ಕೈಕೊಟ್ಟು, ಮುಂದಿನ ಸೀಟಿಗೆ ಹತ್ತಿಸಿಕೊಂಡೆ.

ಏರು ಹತ್ತುತ್ತ ನಡೆದದ್ದನ್ನೆಲ್ಲ ಬಣ್ಣ ಕಟ್ಟಿ ಹೇಳಿದೆ. ಗ್ರೀಸು, ಪೆನ್ಸಿಲ್ಲು, ಕ್ಲಬ್ಬಿನವರು ಹಿಂದೆ ಸರಿದದ್ದು, ನಮ್ಮವರ ತೆರೆದ ಬಾಯಿ. ಹಿಂದಿನ ಕಿಟಕಿಗೆ ಮುಖ ಒತ್ತಿ ಕೇಳುತ್ತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಕೆಂಚಮ್ಮ ನಗಲಿಲ್ಲ.

"ನಂಬರು ನಿಮ್ದೇ ಅಂತ ನಿಮ್ಗೆ ಯಾವತ್ ಗೊತ್ತಾಯ್ತು ಅಮ್ಮಾರೆ?"

"ಅಕ್ಟೋಬರಿನಲ್ಲೇ!" ಅಂದೆ, ಕಥೆಯ ಹುರುಪಿನಲ್ಲಿ. "ಆಂಥೋನಿ ಅವತ್ತೇ ಹೇಳಿದ್ದ. ನಾನೇ ಬಾಯಿ ಬಿಡಲಿಲ್ಲ."

ಅವಳು ಮಂಡಿಗೆ ಕಟ್ಟಿದ್ದ ಬಟ್ಟೆಯ ಮೇಲೆ ಕೈಯಾಡಿಸಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ತಿಳಿಯದ್ದನ್ನು ಕೇಳುವವರಂತೆ ಕೇಳಿದಳು.

"ಅಂಗಾದ್ರೆ ನಾನ್ಯಾಕೆ ನಡೆದೆ?"

ಹಿಂದೆ ನಗು ನಿಂತಿತು. ನಾನು ಗೇರು ಬದಲಾಯಿಸಿದೆ. ದೊಡ್ಡ ತಿರುವು ಬಂತು.

"ಇಲ್ಲೇ ನಿಲ್ಸಿ. ಇಳ್ಕತೀನಿ," ಎಂದಳು.

"ಕೆಂಚಮ್ಮ, ಬೇಡ. ಕೂತ್ಕೋ."

"ಇರ್ಲಿ ಅಮ್ಮಾರೆ. ಅಭ್ಯಾಸ ಆಗೈತೆ."

ಬಾಗಿಲು ಹಿಡಿದು, ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಇಳಿಸಿ, ಅವಳು ಗಾಡಿಯ ಮುಂದೆ ನಡೆಯತೊಡಗಿದಳು. ನನಗೆ ಅವಳನ್ನು ದಾಟಿ ಹೋಗುವ ಧೈರ್ಯವಾಗಲಿಲ್ಲ. ಮೊದಲನೇ ಗೇರಿನಲ್ಲಿ, ಹತ್ತು ಹೆಂಗಸರನ್ನು ಹೊತ್ತುಕೊಂಡು, ಅವಳ ಮಂಡಿ ನಡೆದಷ್ಟೇ ನಿಧಾನವಾಗಿ ಗೇಟಿನವರೆಗೂ ಅವಳ ಹಿಂದೆ ಹೋದೆ.