ಮೆಟ್ಟಿಲು ಯಾವ ಕಡೆ?

ಆ ಬಡಾವಣೆಯವರಿಗೆ ಹೆದ್ದಾರಿ ದಾಟುವುದೆಂದರೆ ದಿನಾ ಒಂದು ಪರೀಕ್ಷೆ. ಮನೆಗಳೆಲ್ಲ ರಸ್ತೆಯ ಈ ಕಡೆ. ಆಸ್ಪತ್ರೆ, ಶಾಲೆ, ಕಾರ್ಖಾನೆಗಳೆಲ್ಲ ಆ ಕಡೆ. ನಡುವೆ ಆರು ಸಾಲು ವಾಹನ. ರಸ್ತೆಯ ಮಧ್ಯದ ಗಿಡ್ಡ ಗೋಡೆ ಒಂದು ಜಾಗದಲ್ಲಿ ಒಡೆದು ಬಾಯಿ ಬಿಟ್ಟಿತ್ತು. ಜನ ಆ ಸಂದಿಯಲ್ಲೇ ನುಸುಳಿ ದಾಟುತ್ತಿದ್ದರು.

ಸಂದಿಗೆ ಸರಿಯಾಗಿ ಎದುರಿಗೆ ಹೊಲಿಗೆ ಅಕ್ಕನ ಅಂಗಡಿ. ಇಪ್ಪತ್ತು ವರ್ಷದಿಂದ ಅಲ್ಲೇ ಹೊಲಿಯುತ್ತಿದ್ದ ಆಕೆಯನ್ನು ಇಡೀ ಬೀದಿ ಕರೆಯುತ್ತಿದ್ದದ್ದು ಹಾಗೇ. ವಾರಕ್ಕೆ ಎರಡು ಸಲ ಆಕೆ ಮಷೀನು ನಿಲ್ಲಿಸಿ, ಅತ್ತೆಯ ಕೈ ಹಿಡಿದು, ಉಸಿರು ಬಿಗಿಹಿಡಿದು ರಸ್ತೆ ದಾಟಿಸುತ್ತಿದ್ದಳು. ಅತ್ತೆಯ ಸೊಂಟದ ಮೂಳೆ ಮುರಿದು ಈಗಷ್ಟೇ ಕೂಡಿಕೊಂಡಿತ್ತು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುತ್ತಿದ್ದರು. ಅತ್ತೆಯ ನಡಿಗೆ ನಿಧಾನವಾಗಿತ್ತೇ ಹೊರತು ನಾಲಿಗೆ ಬಲು ಚುರುಕು.

“ಕಾಲು ರಿಪೇರಿಗೆ ಅಂತ ಹೋಗ್ತಾ ಹೋಗ್ತಾ ದಾರೀಲೇ ಪೂರ್ತಿ ರಿಪೇರಿ ಆಗಿಬಿಡ್ತೀನಿ ಅನ್ಸುತ್ತೆ,” ಎನ್ನುತ್ತಿದ್ದರು.

ಹೀಗಿರುವಾಗ ಒಂದು ದಿನ ಸುದ್ದಿ ಬಂತು. ರಸ್ತೆಯ ನಡುವೆ ಕಂಬಗಳ ಮೇಲೆ ರೈಲು ಓಡಲಿದೆಯಂತೆ. ನಿಲ್ದಾಣ ಇವರ ಬೀದಿಯ ಎದುರಿಗೇ ಬರುತ್ತದಂತೆ. ಬೀದಿಗೆ ಬೀದಿಯೇ ಕುಣಿಯಿತು. ಕಟಿಂಗ್ ಅಂಗಡಿಯಲ್ಲೂ ಅದೇ ಮಾತು, ನೀರಿನ ಟ್ಯಾಂಕರ್ ಹತ್ತಿರವೂ ಅದೇ ಮಾತು.

“ಮೊದಲ ದಿನ, ಮೊದಲ ಡಬ್ಬಿ, ಕಿಟಕಿ ಪಕ್ಕ ನಾನು. ಯಾರೂ ಅಡ್ಡ ಬರಬಾರದು,” ಎಂದು ಅತ್ತೆ ಆಗಲೇ ಸೀಟು ಹಿಡಿದಿಟ್ಟರು.

ಅಂದು ಸಂಜೆ ಪಕ್ಕದ ಮನೆಯ ಕಂಡಕ್ಟರಮ್ಮ ಡ್ಯೂಟಿ ಮುಗಿಸಿ ಅಂಗಡಿಗೆ ಬಂದಳು. ನಗರ ಸಾರಿಗೆ ಬಸ್ಸಿನಲ್ಲಿ ಹನ್ನೊಂದು ವರ್ಷ ಟಿಕೆಟ್ ಹರಿದವಳು. ಊರಿನ ರಸ್ತೆಗಳೆಲ್ಲ ಅವಳಿಗೆ ಅಂಗೈಗೆರೆ.

“ಅಕ್ಕಾ, ಲೈಟ್ ಕಂಬಕ್ಕೆ ನೋಟಿಸ್ ಅಂಟಿಸಿದ್ದಾರೆ, ಓದಿದ್ರಾ?”

“ಅಷ್ಟು ಸಣ್ಣ ಅಕ್ಷರ ಯಾರು ಓದ್ತಾರೆ? ರೈಲು ಬರುತ್ತೆ ಅಂತ ಗೊತ್ತಲ್ಲ, ಸಾಕು.”

“ರೈಲು ಬರುತ್ತೆ ಸರಿ. ಮೆಟ್ಟಿಲು ಯಾವ ಕಡೆ ಬರುತ್ತೆ?”

ಹೊಲಿಗೆ ಅಕ್ಕ ಸೂಜಿಯಿಂದ ಕಣ್ಣೆತ್ತಿದಳು. ಆ ಪ್ರಶ್ನೆ ಅವಳಿಗೆ ಹೊಳೆದೇ ಇರಲಿಲ್ಲ.

“ನಕ್ಷೆ ವಾರ್ಡ್ ಕಚೇರೀಲಿ ಇಟ್ಟಿದ್ದಾರೆ. ಯಾರು ಬೇಕಾದ್ರೂ ನೋಡಬಹುದು. ಮುಂದಿನ ಶನಿವಾರ ಶಾಲೆ ಹಾಲ್‌ನಲ್ಲಿ ಸಭೆ. ಏನಾದ್ರೂ ಹೇಳೋದಿದ್ರೆ ಅಷ್ಟರೊಳಗೆ ಬರೆದು ಕೊಡಬೇಕು.”

“ಓದಿದೋರು ಹಾಕಿರೋ ನಕ್ಷೆ. ಅದರಲ್ಲಿ ನಾನು ಮೂಗು ತೂರಿಸಿದ್ರೆ ಕೇಳೋರ್ಯಾರು? ಸುಮ್ಮನೆ ಒಂದು ದಿನದ ಕೆಲಸ ಹಾಳು.”

“ನಾನಿರೋ ರೂಟಲ್ಲಿ ಮೇಲ್ಸೇತುವೆ ಆಯ್ತಲ್ಲ ಅಕ್ಕಾ, ಅಲ್ಲಿನ ಜನಾನೂ ಹೀಗೇ ಅಂದ್ರು. ಈಗ ಬಸ್ ಸ್ಟಾಪಿಂದ ಮನೆಗೆ ಸುತ್ತು ಹಾಕ್ಕೊಂಡು ಹೋಗ್ತಾರೆ. ಕಂಬ ಎದ್ದ ಮೇಲೆ ಹೋಗಿ ಗಲಾಟೆ ಮಾಡಿದ್ರು, ಏನಾಯ್ತು? ಕಾಂಕ್ರೀಟ್ ಏನು ಬ್ಲೌಸಾ, ಬಿಚ್ಚಿ ಹೊಲಿಯೋಕೆ?”

ಆ ಮಾತು ನಾಟಿತು. ಮರುದಿನ ಬೆಳಿಗ್ಗೆ ಇಬ್ಬರೂ ವಾರ್ಡ್ ಕಚೇರಿಗೆ ಹೋದರು.

ನಕ್ಷೆ ಗೋಡೆಯ ಉದ್ದಕ್ಕೂ ಹರಡಿಕೊಂಡಿತ್ತು. “ನೋಡಿ, ಚೆನ್ನಾಗಿ ನೋಡಿ,” ಎಂದ ಗುಮಾಸ್ತ. “ನಿಮಗಿಂತ ಮುಂಚೆ ಒಬ್ಬರು ಬಂದಿದ್ರು. ಅವರು ಫ್ಯಾನ್ ಕೆಳಗೆ ಕೂತು ಎದ್ದು ಹೋದ್ರು.”

ಕೆಂಪು, ನೀಲಿ ಗೆರೆಗಳನ್ನು ನೋಡಿ ಹೊಲಿಗೆ ಅಕ್ಕನಿಗೆ ತಲೆ ಗಿರ್ರೆಂದಿತು. ಆಮೇಲೆ ಮೂಲೆಯಲ್ಲಿ ಬರೆದಿದ್ದು ಕಣ್ಣಿಗೆ ಬಿತ್ತು: ಒಂದು ಸೆಂಟಿಮೀಟರಿಗೆ ಹತ್ತು ಮೀಟರ್. ಅಳತೆ ತಾನೇ? ಅಳತೆ ಅವಳ ದಿನನಿತ್ಯದ ಅನ್ನ. ಕೊರಳಲ್ಲಿದ್ದ ಟೇಪು ತೆಗೆದು ಗೋಡೆಗೆ ಹಿಡಿದಳು. ತನ್ನ ಅಂಗಡಿ ಎಲ್ಲಿ, ಆಸ್ಪತ್ರೆ ಎಲ್ಲಿ ಎಂದು ಗುರುತಿಸಿದಳು. ನಿಲ್ದಾಣದ ಮೆಟ್ಟಿಲು ಎರಡು. ಎರಡೂ ಆ ಕಡೆ. ಗೋಡೆಯ ಸಂದಿ ಇರುವಲ್ಲಿ ದಪ್ಪ ಗೆರೆ. ಅಂದರೆ ಅದನ್ನು ಮುಚ್ಚುತ್ತಾರೆ. ಅಂಗಡಿಯಿಂದ ದಾಟಲು ಬಿಟ್ಟ ಜಾಗಕ್ಕೆ ನಲವತ್ತೆರಡು ಸೆಂಟಿಮೀಟರ್.

“ಹೋಗೋಕೆ ನಾನೂರ ಇಪ್ಪತ್ತು ಮೀಟರ್,” ಎಂದಳು. “ದಾಟಿ, ಆ ಕಡೆಯಿಂದ ವಾಪಸ್ ಬರೋಕೆ ಮತ್ತೆ ಅಷ್ಟೇ. ರೈಲು ಮನೆ ಮುಂದೆ, ಹತ್ತೋಕೆ ಮುಕ್ಕಾಲು ಕಿಲೋಮೀಟರ್ ಮೇಲೆ ನಡೀಬೇಕು. ಅತ್ತೆ ಹೇಗೆ ಹೋಗ್ತಾರೆ?”

ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡಳು. ದನಿಯಲ್ಲಿ ಸಿಟ್ಟಿತ್ತು, ಜೊತೆಗೆ ಹೇಳಲಾಗದ ಹುರುಪೂ ಇತ್ತು. ಓದಿದವರು ಹಾಕಿದ ನಕ್ಷೆಯನ್ನು ತಾನು ಓದಿಬಿಟ್ಟಿದ್ದಳು.

“ಬರೀ ಕಷ್ಟ ಇದೆ ಅಂದ್ರೆ ಸಾಲದು,” ಎಂದಳು ಕಂಡಕ್ಟರಮ್ಮ. “ಎಷ್ಟು ಜನ ದಾಟ್ತಾರೆ, ಅದನ್ನ ತೋರಿಸಬೇಕು.”

ವಿಷಯ ಕೇಳಿ ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಎಣಿಸೋ ಕೆಲಸ ನನಗೆ ಬಿಡಿ. ದಿನವಿಡೀ ರಸ್ತೆ ನೋಡ್ಕೊಂಡೇ ತಾನೇ ಇರ್ತೀನಿ.”

ನೂರು ದಾಟಿದರೆ ಲೆಕ್ಕ ತಪ್ಪುತ್ತದೆ ಎಂದು ಸೊಸೆ ಮೂರು ಡಬ್ಬಿ ಇಟ್ಟಳು. ದೊಡ್ಡವರು ದಾಟಿದರೆ ಬಿಳಿ ಗುಂಡಿ, ಮಕ್ಕಳು ದಾಟಿದರೆ ಬಣ್ಣದ ಗುಂಡಿ. ಕೋಲು ಊರಿದವರು, ಗಾಲಿ ಕುರ್ಚಿಯವರು, ಎಳೆಮಗುವನ್ನು ಎತ್ತಿಕೊಂಡವರಿಗೆ ಕೋಟಿನ ದಪ್ಪ ಗುಂಡಿ. ಮೂರು ದಿನ, ಬೆಳಿಗ್ಗೆ ಏಳರಿಂದ ಒಂಬತ್ತು. ಡಬ್ಬಿಯಲ್ಲಿ ಗುಂಡಿ ಬೀಳುವ ಟಣಟಣ ಸದ್ದಿಗೆ ಜನ ನಿಂತು ಕೇಳಿದರು, ಕೇಳಿದವರು ಅರ್ಜಿಗೆ ಸಹಿ ಹಾಕಿದರು. ಕಾರ್ಖಾನೆಯ ಹೆಂಗಸರು ತಮ್ಮವರಿಂದ ಹಾಕಿಸಿ ತಂದರು. ಶಾಲೆಯ ಮೇಡಂ ಅರ್ಜಿಯನ್ನು ಮೊದಲೇ ತಿದ್ದಿಕೊಟ್ಟಿದ್ದರು. ಕೊಟ್ಟ ಅರ್ಜಿಯ ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳುವುದನ್ನು ಕಂಡಕ್ಟರಮ್ಮ ಮರೆಯಲಿಲ್ಲ.

ಶನಿವಾರ ಶಾಲೆಯ ಹಾಲ್ ತುಂಬಿ ಹೊರಗೂ ಜನ ನಿಂತಿದ್ದರು. ಹೊಲಿಗೆ ಅಕ್ಕನ ಸರದಿ ಬಂದಾಗ ಅವಳು ಎದ್ದು ಮುಂದೆ ಬಂದಳು. ಮೈಕು ಹಿಡಿದು ಮೆಲ್ಲಗೆ ಬೀದಿಯ ಹೆಸರು ಹೇಳಿದಳು. ಅಳತೆ ಹೇಳಲು ಶುರು ಮಾಡುತ್ತಿದ್ದಂತೆ ದನಿ ತಾನಾಗಿ ಗಟ್ಟಿಯಾಯಿತು.

ಯೋಜನೆಯ ಎಂಜಿನಿಯರ್ ಮರ್ಯಾದೆಯಿಂದಲೇ ಉತ್ತರಿಸಿದರು. “ಈ ಕಡೆ ನೆಲದ ಕೆಳಗೆ ದೊಡ್ಡ ನೀರಿನ ಕೊಳವೆ ಇದೆ ಅಮ್ಮಾ. ಮೆಟ್ಟಿಲಿಗೆ ಜಾಗ ಸಾಲಲ್ಲ.”

“ಬಟ್ಟೆ ಸಾಲದೆ ಬಂತು ಅಂತ ನಾವು ಒಂದೇ ತೋಳಿನ ಅಂಗಿ ಹೊಲಿದು ಕೊಡಲ್ಲ ಸಾರ್. ಎಲ್ಲಾದ್ರೂ ಹೊಂದಿಸ್ತೀವಿ.”

ಹಾಲ್ ಗೊಳ್ಳೆಂದು ನಕ್ಕಿತು. ಎಂಜಿನಿಯರ್ ಕೂಡ ನಕ್ಕರು. ಆಗ ಕಂಡಕ್ಟರಮ್ಮ ಮೂರೂ ಡಬ್ಬಿಗಳನ್ನು ಮೇಜಿನ ಮೇಲಿಟ್ಟಳು. ಅವುಗಳಲ್ಲಿದ್ದದ್ದು ಕೊನೆಯ ದಿನದ ಲೆಕ್ಕ: ಒಂದೇ ಬೆಳಿಗ್ಗೆ, ಎರಡೇ ಗಂಟೆ, ಏಳುನೂರ ಎಂಟು ಜನ. ಎಂಜಿನಿಯರ್ ದಪ್ಪ ಗುಂಡಿಗಳ ಡಬ್ಬಿಗೆ ಕೈ ಹಾಕಿ ಒಂದನ್ನು ಎತ್ತಿದರು.

“ಇವು ಯಾರು?”

ಮುಂದಿನ ಸಾಲಿನಲ್ಲಿದ್ದ ಅತ್ತೆ ಕೋಲೂರಿ ಎದ್ದರು. ಏಳಲು ಸ್ವಲ್ಪ ಹೊತ್ತೇ ಹಿಡಿಯಿತು. ಇಡೀ ಹಾಲ್ ಕಾಯಿತು.

“ಅದು ನಾನಪ್ಪಾ. ಇನ್ನೂ ಐವತ್ತು ಜನ ಇದೀವಿ, ಡಬ್ಬೀಲಿ.”

ಎಂಜಿನಿಯರ್ ಆ ಗುಂಡಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಪೆನ್ನು ತೆಗೆದು ಬರೆದುಕೊಂಡರು.

ಎರಡು ತಿಂಗಳ ಮೇಲೆ ತಿದ್ದಿದ ನಕ್ಷೆ ಬಂತು. ಕೇಳಿದ್ದೆಲ್ಲ ಸಿಗಲಿಲ್ಲ, ಅರ್ಜಿಯಲ್ಲಿ ಸೇರಿಸಿದ್ದ, ಬಸ್ ನಿಲ್ದಾಣವನ್ನು ಹತ್ತಿರ ತರುವ ಬೇಡಿಕೆಗೆ ಆಗುವುದಿಲ್ಲ ಎಂದರು. ಆದರೆ ಕೊಳವೆಯನ್ನು ತಪ್ಪಿಸಿ ಇಪ್ಪತ್ತು ಮೀಟರ್ ಆಚೆಗೆ, ಈ ಕಡೆಗೂ ಒಂದು ಕಾಲ್ಸೇತುವೆ, ಮೆಟ್ಟಿಲು, ಲಿಫ್ಟು. ಕೆಲಸ ಮುಗಿಯುವ ತನಕ ಸಂದಿ ಇದ್ದಲ್ಲಿ ಪಟ್ಟೆ ಬಳಿದು, ಸಿಗ್ನಲ್ ದೀಪ ಹಾಕಿ, ದಾಟಲು ದಾರಿ.

ದೀಪ ಹೊತ್ತಿದ ದಿನ ಬೀದಿಯವರೆಲ್ಲ ನೋಡಲು ಬಂದರು. ಅತ್ತೆ ಸಿಗ್ನಲ್ ಕಂಬದ ಗುಂಡಿ ಒತ್ತಿ ಕಾದರು. ಕೆಂಪು ದೀಪ ಬಂತು. ಲಾರಿ, ಬಸ್ಸು, ಕಾರು, ಆರು ಸಾಲೂ ಗಕ್ಕನೆ ನಿಂತವು. ಹೊಲಿಗೆ ಅಕ್ಕ ಅಭ್ಯಾಸಬಲದಿಂದ ಅತ್ತೆಯ ರಟ್ಟೆ ಹಿಡಿದು ಎಳೆದಳು.

“ಎಳೀಬೇಡ,” ಎಂದರು ಅತ್ತೆ, ಒಂದೊಂದೇ ಹೆಜ್ಜೆ ಇಡುತ್ತಾ. “ಇಷ್ಟು ವರ್ಷ ಅವು ಹೋಗಲಿ ಅಂತ ನಾವು ನಿಂತಿದ್ವಿ. ಇವತ್ತು ಅವು ನಿಲ್ಲಲಿ.”

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಊರೂ ಬೆಳೆಯುತ್ತಿದೆ. ನಿಮ್ಮ ಬೀದಿಗೂ ನಾಳೆ ಹೊಸ ರಸ್ತೆಯೋ ರೈಲೋ ಸೇತುವೆಯೋ ಬಂದೀತು. ಬರಲಿ, ಖುಷಿಯಿಂದ ಬರಮಾಡಿಕೊಳ್ಳಿ. ಆದರೆ ನೋಟಿಸ್ ಕಂಡರೆ ನಿಂತು ಓದಿ. ಓದಲು ಬಾರದಿದ್ದರೆ ಓದಿಸಿ ಕೇಳಿ. ಕೊನೆಯ ದಿನ ಯಾವುದೆಂದು ನೆನಪಿಡಿ, ನಕ್ಷೆಯಲ್ಲಿ ನಿಮ್ಮ ಮನೆ ಎಲ್ಲಿದೆ ಎಂದು ಹುಡುಕಿ, ಅಲ್ಲಿಂದ ನಿಮ್ಮ ಮನೆಯ ಹಿರಿಯರು, ಮಕ್ಕಳು ಹೇಗೆ ನಡೆದು ಹೋಗುತ್ತಾರೆ ಎಂದು ಬೆರಳಿಟ್ಟು ನೋಡಿ. ಕೊರತೆ ಕಂಡರೆ ಬರೆದು ಕೊಡಿ. ಸಭೆಯ ದಿನ ಒಬ್ಬರೇ ಹೋಗಬೇಡಿ. ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ. ಆ ರಸ್ತೆಯಲ್ಲಿ ದಿನಾ ನಡೆಯುವವರು ನೀವು. ನೀವು ಹೇಳಿದರೆ ತಾನೇ ನಕ್ಷೆ ಹಾಕುವವರಿಗೆ ಗೊತ್ತಾಗುವುದು?